ಬೆಲ್ಲ ತಿಂದ ಕಿವಿ

ರಾಜೇಸಾಬರ ಮನೆಯ ಮುಂದೆ ನಿಂತು "ಚಾಚಾ" ಎಂದು ಕೂಗಿದರೆ ಎದುರು ಮನೆಯ ಹಣಮವ್ವ ಹೊರಗೆ ಬರುತ್ತಾಳೆ. ಮಗ್ಗುಲ ಮನೆಯ ನಾಯಿ ಎದ್ದು ನಿಲ್ಲುತ್ತದೆ. ಗಿರಣಿಯ ಕಟ್ಟೆಯ ಮೇಲೆ ಕುಳಿತವರೆಲ್ಲ ತಿರುಗಿ ನೋಡುತ್ತಾರೆ. ರಾಜೇಸಾಬರು ಮಾತ್ರ ಬರುವುದಿಲ್ಲ. ಅವರಿಗೆ ಕಿವಿ ಕೇಳುವುದಿಲ್ಲ. ನಮ್ಮ ಊರು ವಳಸಂಗದ ಮಕ್ಕಳಿಗೆ ಇದೊಂದು ಆಟವಾಗಿತ್ತು. ಅವರ ಬೆನ್ನ ಹಿಂದೆ ನಿಂತು ಕೂಗುವುದು, ಅವರು ತಿರುಗದೇ ಇದ್ದರೆ ಕೈತಟ್ಟಿ ನಗುವುದು. ದೊಡ್ಡವರೂ ನಗುತ್ತಿದ್ದರು. ಆ ನಗು ಈಗ ನೆನಪಾದರೆ ನನಗೆ ಸಿಟ್ಟು ಬರುತ್ತದೆ.

ನಾನು ವಿದ್ಯಾವತಿ. ವಳಸಂಗದ ಉಪಕೇಂದ್ರದಲ್ಲಿ ನರ್ಸ್. ಪೋಲಿಯೋ ಹನಿ, ಬಾಣಂತಿಯರ ಆರೈಕೆ, ನೀರಿಗೆ ಬ್ಲೀಚಿಂಗ್ ಪುಡಿ, ಇವೆಲ್ಲದರ ಬಗ್ಗೆ ನಿಮ್ಮ ಸಂಘದಲ್ಲಿ ನಾನು ಮಾತಾಡಿದ್ದೇನೆ. ಇವತ್ತು ಹೇಳುವುದು ಕಿವಿಯ ಕಥೆ. ಇದನ್ನು ಕೇಳಿ ನಿಮಗೆ ಸಮಾಧಾನ ಆಗುತ್ತದೆ ಎಂದು ನಾನು ಹೇಳಲಾರೆ. ನನಗೇ ಆಗಿಲ್ಲ.

ರಾಜೇಸಾಬರು ಡ್ರಮ್ ಬಾರಿಸುವವರು, ಉಸ್ತಾದರು. ಅವರ ನೂರಾನಿ ಮೆಲೊಡಿ ಪಾರ್ಟಿ ಎಂದರೆ ಜತ್ತ ತಾಲೂಕಿನಲ್ಲಿ ಮದುಮಕ್ಕಳಿಗೆ ಅರಿಶಿನ ಹಚ್ಚುವ ಹಳದಿಗೂ ಬೇಕು, ಮದುವೆಗೂ ಬೇಕು, ಗಣಪತಿಗೂ ಬೇಕು, ಉರುಸಿಗೂ ಬೇಕು. ಜನ ಮರಾಠಿ ಹಾಡು ಕೇಳಿದರೆ ಮರಾಠಿ, ಕನ್ನಡ ಕೇಳಿದರೆ ಕನ್ನಡ, ಹಿಂದಿಯಂತೂ ಇದ್ದೇ ಇದೆ. ನನ್ನ ತಮ್ಮ ಮಲ್ಲು ಅದೇ ಪಾರ್ಟಿಯಲ್ಲಿ ಕೀಬೋರ್ಡ್ ನುಡಿಸುತ್ತಾನೆ. ರಾಜೇಸಾಬರ ಕಿವಿ ಬಹುತೇಕ ಹೋದ ಮೇಲೆ ಡ್ರಮ್ಮಿನ ಹಿಂದೆ ಅವರ ಹಿರಿಯ ಮಗ ಅಕೀಲ ಕುಳಿತ. ಕಿರಿಯವನು ತೌಫೀಕ, ಆಗ ಢೋಲಕ್ ಬಾರಿಸುತ್ತಿದ್ದ.

ಸ್ಟೇಜಿನ ಮೇಲೆ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಜನರ ಕಡೆ ಮುಖ ಮಾಡಿದ ದೊಡ್ಡ ಸ್ಪೀಕರುಗಳು ಬೇರೆ. ಅವಲ್ಲದೆ ಬಾರಿಸುವವನ ಕಡೆಗೇ ಮುಖ ಮಾಡಿದ ಇನ್ನೊಂದು ಸ್ಪೀಕರ್ ಪೆಟ್ಟಿಗೆ ಇರುತ್ತದೆ, ತನ್ನ ವಾದ್ಯ ತನಗೆ ಕೇಳಲಿ ಎಂದು. ಪಾರ್ಟಿಯವರು ಅದಕ್ಕೆ ಬಾಕ್ಸ್ ಎನ್ನುತ್ತಾರೆ. ಡ್ರಮ್ ಬಾರಿಸುವವನಿಗೆ ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮಿನ ದುಮ್ ಕೇಳಲೇಬೇಕು. ಅದು ಕೇಳದಿದ್ದರೆ ತಾಳ ತಪ್ಪುತ್ತದೆ, ತಾಳ ತಪ್ಪಿದರೆ ಹಾಡೇ ಕೆಡುತ್ತದೆ. ಅದಕ್ಕೆ ನೂರಾನಿ ಪಾರ್ಟಿಯಲ್ಲಿ ಡ್ರಮ್ಮಿನವನ ಎಡಗಿವಿಯ ಮಗ್ಗುಲಿಗೇ ಒಂದು ಕುರ್ಚಿ ಇಟ್ಟು, ಆ ಕುರ್ಚಿಯ ಮೇಲೆ ಬಾಕ್ಸ್ ಕೂರಿಸುತ್ತಿದ್ದರು. ಅದರ ಹೆಸರು ಉಸ್ತಾದ್ ಬಾಕ್ಸ್. ಕಾರ್ಯಕ್ರಮಕ್ಕೆ ಮೊದಲು ಅದಕ್ಕೆ ಹೂವಿನ ಹಾರ ಹಾಕುತ್ತಿದ್ದರು, ಊದಿನಕಡ್ಡಿ ಹಚ್ಚುತ್ತಿದ್ದರು. ಬಾಕ್ಸ್ ದೊಡ್ಡದಿದ್ದಷ್ಟು ಉಸ್ತಾದ ದೊಡ್ಡವನು. ಅದನ್ನು ತೆಗೆದರೆ ಅವನ ತಲೆಯ ಪೇಟ ತೆಗೆದ ಹಾಗೆ.

ಇನ್ನೊಂದು ಪದ್ಧತಿ ಇತ್ತು. ಹೊಸದಾಗಿ ಡ್ರಮ್ಮಿಗೆ ಕುಳಿತವನು ಒಂದಲ್ಲ ಒಂದು ದಿನ ಕಾರ್ಯಕ್ರಮ ಮುಗಿಸಿ, "ಉಸ್ತಾದ್, ಕಿವಿ ಗುಂಯ್ ಅನ್ನಾಕತ್ಯಾವ" ಎನ್ನುತ್ತಾನಲ್ಲ, ಆ ದಿನಕ್ಕಾಗಿಯೇ ಉಸ್ತಾದ ಕಾಯುತ್ತಿದ್ದ. ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದ ಬೆಲ್ಲದ ಚೂರು ಅವನ ಬಾಯಿಗೆ ಹಾಕಿ, "ಕಿವಿ ಪಳಗಿತು" ಎಂದು ಬೆನ್ನು ತಟ್ಟುತ್ತಿದ್ದ. ಅಲ್ಲಿಂದ ಅವನು ಪಾರ್ಟಿಯ ಮನುಷ್ಯ. ರಾಜೇಸಾಬರಿಗೆ ಅವರ ಉಸ್ತಾದರು ಬೆಲ್ಲ ಹಾಕಿದ್ದರು. ಅಕೀಲನಿಗೆ ರಾಜೇಸಾಬರು ಹಾಕಿದರು. ಕಿವಿ ನೋವಿನಿಂದ ಕೂಗುವುದಕ್ಕೆ ಬಾಯಿ ಸಿಹಿ ಮಾಡುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ.

ಎರಡು ವರ್ಷದ ಹಿಂದೆ, ಎರಡು ಸಾವಿರದ ನಾಲ್ಕನೆಯ ಇಸವಿ. ದೀಪಾವಳಿ ಮುಗಿದು ಮದುವೆಗಳು ಶುರುವಾಗುವ ಹೊತ್ತು. ಅಕೀಲನ ಹೆಂಡತಿ ನಾಹಿದ ತನ್ನ ಕೂಸು ಫಿರದೋಸಳಿಗೆ ಲಸಿಕೆ ಹಾಕಿಸಲು ಬಂದಳು. ಲಸಿಕೆ ಆಯಿತು, ಕೂಸು ಅತ್ತು ಸುಮ್ಮನಾಯಿತು. ನಾಹಿದ ಏಳಲಿಲ್ಲ.

"ಅಕ್ಕಾರ, ಒಂದ್ ಮಾತ್ ಹೇಳ್ಲೇನ್ರಿ? ನಗಬ್ಯಾಡ್ರಿ ಮತ್ತ."

"ಹೇಳವ್ವಾ. ನಾ ಯಾಕ್ ನಗ್ಲಿ?"

"ನಿನ್ನಿ ಕುಕ್ಕರ್ ಇಟ್ಟು ನೀರಿಗಿ ಹೋಗಿದ್ದೆ. ಸೀಟಿ ಹೊಡಿಯೂದ್ ತಡ ಬಂದ್ ಮಾಡ್ರಿ ಅಂತ ಇವರಿಗಿ ಹೇಳಿದ್ದೆ. ಒಲಿ ಬಾಜೂಕ ಕುಂತಾರ್ರಿ. ನಾ ಬರೂದ್ರಾಗ ಬ್ಯಾಳಿ ಸುಟ್ಟು ಮನಿ ತುಂಬ ಹೊಗಿ. ಸೀಟಿ ಹೊಡದೇ ಇಲ್ಲ ಅಂತಾರ. ಹಣಮವ್ವಾಯಿ ತನ್ನ ಮನ್ಯಾಗ ಕುಂತು ಕೇಳ್ಯಾಳ."

"ಮಾತು ಕೇಳ್ತಾವೇನು?"

"ದನಿ ಕೇಳ್ತದ ಅಂತಾರ್ರಿ. ಏನಂದೆ ಅಂಬೂದು ತಿಳ್ಯಾಂಗಿಲ್ಲ. ಮಾರಿ ನೋಡ್ಕೋತ ಮಾತಾಡಿದ್ರ ತಿಳೀತದ. ಬೆನ್ನ ಮಾಡಿದ್ರ ಇಲ್ಲ." ಅವಳು ಕೂಸಿನ ಕುಲಾವಿ ಸರಿ ಮಾಡುತ್ತ ತಲೆ ತಗ್ಗಿಸಿದಳು. "ನಮ್ಮ ಮಾವಾರದೂ ಹಿಂಗಽ ಚಾಲೂ ಆಗಿತ್ತಂತ್ರಿ."

ಸಂಜೆ ಅವರ ಮನೆಗೆ ಹೋದೆ. ಅಕೀಲ ಅಂಗಳದಲ್ಲಿ ಡ್ರಮ್ಮಿನ ತೊಗಲು ಬಿಗಿಯುತ್ತಿದ್ದ. ಕೇಳಿದರೆ ಕೈ ಎತ್ತು ಎಂದು ಹೇಳಿ, ಅವನ ಹಿಂದೆ ನಿಂತು ಬಲಗಿವಿಯ ಹತ್ತಿರ ಎರಡು ಬೆರಳು ಉಜ್ಜಿದೆ. ಕೈ ಎತ್ತಿದ. ಎಡಗಿವಿಯ ಹತ್ತಿರ ಉಜ್ಜಿದೆ. ಏನೂ ಇಲ್ಲ. ಇನ್ನೂ ಹತ್ತಿರ ಹೋಗಿ ಉಜ್ಜಿದೆ. ಅವನು ತೊಗಲು ಬಿಗಿಯುತ್ತಲೇ ಇದ್ದ.

"ತಮ್ಮಾ, ಮಿರಜಿಗಿ ಹೋಗಿ ಕಿವಿ ಡಾಕ್ಟರಿಗಿ ತೋರ್ಸು. ಲಗೂನ ಹೋಗು," ಎಂದೆ.

ರಾಜೇಸಾಬರು ಹೊರಸಿನ ಮೇಲೆ ಕುಳಿತು ನಮ್ಮ ತುಟಿಗಳನ್ನೇ ನೋಡುತ್ತಿದ್ದರು. "ಏನಂತ?" ಎಂದು ಹೆಂಡತಿಯನ್ನು ಕೇಳಿದರು. ಆ ಮನೆಯಲ್ಲಿ ಯಾರು ಏನೇ ಅಂದರೂ ಅಮೀನಾಬಿ ಚಾಚಿ ಅದನ್ನು ಗಂಡನ ಕಿವಿಯ ಹತ್ತಿರ ಬಾಯಿ ಇಟ್ಟು ಕೂಗಿ ಹೇಳಬೇಕು. ವರ್ಷಾನುಗಟ್ಟಲೆ ಕೂಗಿ ಕೂಗಿ ಅವರ ದನಿ ಒಡೆದು ಹೋಗಿತ್ತು.

"ಅಕೀಲನ ಕಿವಿ ಹೋಗ್ಯಾವಂತ! ಡಾಕ್ಟರಿಗಿ ತೋರ್ಸಬೇಕಂತ!"

ಇಡೀ ಓಣಿಗೆ ಕೇಳಿಸಿತು. ಹಣಮವ್ವ ಬಾಗಿಲಿಗೆ ಬಂದಳು. ಅಕೀಲನ ಮುಖ ಕೆಂಪಾಯಿತು.

"ನನ್ನ ಕಿವಿಗಿ ಏನೂ ಆಗಿಲ್ಲ," ಎಂದ.

ರಾಜೇಸಾಬರು ನಕ್ಕರು. "ಹೋಗಿಲ್ಲ ನರ್ಸಬಾಯಿ, ಪಳಗ್ಯಾವ. ಬೆಲ್ಲ ತಿಂದ ಕಿವಿ ಅವು. ಸಣ್ಣಪುಟ್ಟ ಸಪ್ಪಳ ಬಿಟ್ಟು ಬಿಡ್ತಾವ, ತಾಳ ಅಷ್ಟ ಹಿಡೀತಾವ. ಉಸ್ತಾದನ ಕಿವಿ ಹಂಗಽ ಇರಬೇಕು."

"ಚಾಚಾ, ನಿಮಗ ಈಗ ತಾಳರೆ ಕೇಳ್ತದೇನ್ರಿ?" ಎಂದು ನಾನು ಕೇಳಿದೆ.

ಚಾಚಿ ಅದನ್ನು ಗಂಡನಿಗೆ ಕೂಗಿ ಹೇಳಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು.

ಕಡೆಗೆ ನಾಹಿದಳ ಹಟಕ್ಕೆ ಅಕೀಲ ಮಿರಜಿಗೆ ಹೊರಟ. ನಾನೂ ಜೊತೆಗೆ ಹೋದೆ. ಡಾಕ್ಟರು ಗಾಜಿನ ಕೋಣೆಯಲ್ಲಿ ಅವನನ್ನು ಕೂರಿಸಿ, ಮಿಷನ್ ಹಚ್ಚಿ ಪರೀಕ್ಷೆ ಮಾಡಿದರು. ಆಮೇಲೆ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಕಿವಿಯ ಒಳಗೆ ಕೂದಲಿನಂಥ ಸಣ್ಣ ಎಳೆಗಳು ಇರುತ್ತವೆ, ದೊಡ್ಡ ಸಪ್ಪಳ ಅವನ್ನು ತುಳಿದು ಹಾಕುತ್ತದೆ. ಜೋಳದ ಪೈರನ್ನು ದನ ಒಮ್ಮೆ ತುಳಿದರೆ ಪೈರು ಮತ್ತೆ ತಲೆ ಎತ್ತೀತು, ದಿನಾ ತುಳಿದರೆ ಎತ್ತುವುದಿಲ್ಲ. ಗುಂಯ್ ಅನ್ನುವುದು ಆ ಎಳೆಗಳ ಕೂಗು. ಎಡಗಿವಿ ಬಹಳ ಮಟ್ಟಿಗೆ ಹೋಗಿದೆ, ಬಲಗಿವಿ ಸ್ವಲ್ಪ ಹೋಗಿದೆ. ಹೋದದ್ದಕ್ಕೆ ಮದ್ದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬೇಕು.

"ಬೆಳ್ಳೊಳ್ಳಿ ಎಣ್ಣಿ ಕಾಸಿ ಬಿಟ್ರ ನಡೀತದೇನ್ರಿ?" ಎಂದು ಅಕೀಲ ಕೇಳಿದ. ಅವನ ತಾಯಿ ದಿನಾ ಬಿಡುತ್ತಿದ್ದರು.

ಡಾಕ್ಟರು ಕೈ ಜೋಡಿಸಿದರು. "ಎಣ್ಣೆ ಬೇಡ, ಹತ್ತಿ ಬೇಡ. ಹತ್ತಿಯಿಂದ ಸಪ್ಪಳ ನಿಲ್ಲುವುದಿಲ್ಲ. ಕಿವಿಗೆ ಮೆತ್ತನೆಯ ಫೋಮಿನ ಬಿರಡೆ ಇಟ್ಟುಕೊ. ಆ ಪೆಟ್ಟಿಗೆಯನ್ನು ಕಿವಿಯಿಂದ ದೂರ ಮಾಡು."

ಜತ್ತದ ಬಸ್ಸಿನಲ್ಲಿ ಬರುವಾಗ ಅಕೀಲ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕಾ, ಬಾಕ್ಸ್ ದೂರ ಮಾಡಿದ್ರ ಕಾಲಿನ ದುಮ್ ನಂಗ ಕೇಳಂಗಿಲ್ಲ. ಮೊದ್ಲೆಲ್ಲಾ ಅರ್ಧಾ ಇಟ್ರ ಸಾಕಿತ್ತು. ಈಗ ಪೂರಾ ಇಟ್ರೂ ಸಾಲಂಗಿಲ್ಲ. ಕಿವಿ ಹೋದಂಗ ಜಾಸ್ತಿ ಮಾಡ್ತೀನಿ, ಜಾಸ್ತಿ ಮಾಡಿದಂಗ ಕಿವಿ ಹೋಗ್ತಾವ. ಇದ್ರಾಗಿಂದ ಹೊರಗ ಬರೂದು ಹೆಂಗ?"

ಇದಕ್ಕೆ ಉತ್ತರ ತಂದವನು ನನ್ನ ತಮ್ಮ ಮಲ್ಲು.

ಅವನು ಪುಣೆಯಲ್ಲಿ ದೊಡ್ಡ ಆರ್ಕೆಸ್ಟ್ರಾ ನೋಡಲು ಹೋಗಿದ್ದ. ಅಲ್ಲಿ ಡ್ರಮ್ಮಿನವನ ಮಗ್ಗುಲಿಗೆ ಬಾಕ್ಸೇ ಇರಲಿಲ್ಲವಂತೆ. ಆದರೂ ತಾಳ ಕಲ್ಲಿನ ಹಾಗೆ ಗಟ್ಟಿ. ಕಾರ್ಯಕ್ರಮ ಮುಗಿದ ಮೇಲೆ ಮಲ್ಲು ಸ್ಟೇಜಿನ ಹಿಂದೆ ಹೋಗಿ ಕೇಳಿದ. ಅವರು ಡ್ರಮ್ಮಿನವನು ಕೂರುವ ಸ್ಟೂಲನ್ನು ಬೋರಲು ಹಾಕಿ ತೋರಿಸಿದರು. ಅದರ ಕೆಳಗೆ ಅಂಗೈ ಅಗಲದ ಒಂದು ಕಬ್ಬಿಣದ ಡಬ್ಬಿ ಬೋಲ್ಟ್ ಹಾಕಿ ಬಿಗಿದಿತ್ತು. ಅಂಥದೇ ಒಂದು ಹಳೆಯದನ್ನು ಮಲ್ಲು ಅವರಿಂದಲೇ ಕೇಳಿ ತಂದ. ನಮ್ಮ ಕಡೆ ಅದಕ್ಕೆ ಹೆಸರು ಗೊತ್ತಿರಲಿಲ್ಲ. ಓಣಿಯ ಹುಡುಗರು ನಡುಗು ಸ್ಟೂಲು ಎಂದರು, ಅದೇ ಹೆಸರಾಯಿತು.

ರಾಜೇಸಾಬರ ಅಂಗಳದಲ್ಲಿ ಮಲ್ಲು ಅದನ್ನು ಜೋಡಿಸಿದ. ಕಾಲಿನ ಡ್ರಮ್ಮಿನ ಒಳಗೆ ಒಂದು ಮೈಕು, ಮೈಕಿನಿಂದ ಸಣ್ಣ ಆಂಪ್ಲಿಫೈಯರಿಗೆ ವೈರು, ಅಲ್ಲಿಂದ ಸ್ಟೂಲಿನ ಡಬ್ಬಿಗೆ ಇನ್ನೊಂದು ವೈರು.

"ಇದೂ ಸ್ಪೀಕರ್ ಇದ್ದಂಗಽ ನೋಡು," ಎಂದ ಅಕೀಲನಿಗೆ. "ಒಳಗ ಅಯಸ್ಕಾಂತ ಅದ, ತಂತಿ ಅದ. ಸಪ್ಪಳ ಹೊರಗ ಹಾಕೂ ಕಾಗದದ ಬಾಯಿ ಅಷ್ಟ ಇಲ್ಲ. ಅದ್ರ ಬದ್ಲಿ ಒಂದು ಭಾರದ ಕಬ್ಬಿಣ ಕುಣೀತದ. ನೀ ಕಾಲಿಲೆ ಒಂದು ದುಮ್ ಹೊಡದ್ರ ಸ್ಟೂಲ್ ಒಂದ್ಸಲ ನಡುಗತದ. ಅದು ನಿನ್ನ ಟೊಂಕಕ್ಕ ಬಂದು ಬೆನ್ನಿನ ಎಲುಬಿಗುಂಟ ಮ್ಯಾಲ ಏರ್ತದ. ಕಿವಿಗಿ ಏನೂ ಕೆಲಸಿಲ್ಲ."

ಅಕೀಲ ಕುಳಿತು ಡ್ರಮ್ಮಿನ ಪೆಡಲಿನ ಮೇಲೆ ಕಾಲು ಒತ್ತಿದ. ಕಣ್ಣು ಅಗಲವಾದವು. ಮತ್ತೆ ಒತ್ತಿದ. ನಕ್ಕ. ಅವನು ನಕ್ಕದ್ದನ್ನು ನಾಹಿದ ಬಹಳ ದಿನಗಳ ಮೇಲೆ ನೋಡಿದಳು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಆಟಿಗಿ ಸಾಮಾನ," ಎಂದರು ರಾಜೇಸಾಬರು ಹೊರಸಿನ ಮೇಲಿಂದ. "ತಾಳ ಕಿವೀಲೆ ಕೇಳೂದೋ ಕುಂಡೀಲೆ ಕೇಳೂದೋ?"

ಎಲ್ಲರೂ ನಕ್ಕರು. ತೌಫೀಕ ತಂದೆಯ ರಟ್ಟೆ ಹಿಡಿದು ಎಬ್ಬಿಸಿ, "ಒಂದ್ಸಲ ಕುಂದ್ರಿ ಅಬ್ಬಾ," ಎಂದು ಸ್ಟೂಲಿನ ಮೇಲೆ ಕೂರಿಸಿದ. ಅಕೀಲ ಪಕ್ಕದಲ್ಲಿ ನಿಂತು ಕೈಯಿಂದ ಪೆಡಲ್ ಒತ್ತಿದ.

ರಾಜೇಸಾಬರು ಗಕ್ಕನೆ ಸ್ಟೂಲಿನ ಅಂಚು ಹಿಡಿದರು. ಅಕೀಲ ಮತ್ತೆ ಒತ್ತಿದ. ರಾಜೇಸಾಬರ ಬಲಗೈ ತಾನಾಗಿ ಮೇಲೆ ಎದ್ದು ಗಾಳಿಯಲ್ಲಿ ತಾಳ ಹಾಕತೊಡಗಿತು.

"ಬಂತು," ಎಂದರು. "ಅಮೀನಾ, ದುಮ್ ಬಂತು."

ವರ್ಷಗಳಿಂದ ಒಂದು ತಾಳವನ್ನೂ ಕೇಳದ ರಾಜೇಸಾಬರು ಸ್ಟೂಲಿನ ಮೇಲೆ ಕುಳಿತು ಕೂಸಿನ ಹಾಗೆ ಅತ್ತರು. ಚಾಚಿ ಅವರ ಬೆನ್ನ ಮೇಲೆ ಕೈ ಇಟ್ಟು ನಿಂತರು. ನನಗೆ ಆಗ ಎಷ್ಟು ಸಂತೋಷವಾಯಿತೆಂದರೆ, ಈ ಕಥೆ ಇಲ್ಲಿಗೇ ಮುಗಿದಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಮಲ್ಲು ಒಂದು ಮಾತನ್ನು ಒತ್ತಿ ಒತ್ತಿ ಹೇಳಿದ್ದ. "ಸ್ಟೂಲ್ ಔಷಧ ಅಲ್ಲ. ಅದು ಕಿವಿ ಕಾಯಂಗಿಲ್ಲ. ಸ್ಟೂಲ್ ಬಂತಂದ್ರ ಬಾಕ್ಸ್ ಹೋಗಬೇಕು. ಬಾಕ್ಸ್ ಹೋದ್ರಷ್ಟ ಕಿವಿ ಉಳೀತಾವ." ಅಕೀಲ ಹೂಂ ಎಂದ. ಚಾಚಿ ಅದನ್ನು ಗಂಡನಿಗೆ ಕೂಗಿಯೂ ಹೇಳಿದರು. ಆದರೆ ರಾಜೇಸಾಬರು ಆ ಹೊತ್ತಿಗೆ ಸ್ಟೂಲಿನ ಗುಂಗಿನಲ್ಲಿದ್ದರು. ಅವರಿಗೆ ಎಷ್ಟು ಮುಟ್ಟಿತೋ ದೇವರಿಗೇ ಗೊತ್ತು.

ಸನಮಡಿಯಲ್ಲಿ ಹಳದಿಯ ಕಾರ್ಯಕ್ರಮ. ಸಂಜೆ ಹೊತ್ತು ಇಳಿಯುವ ಮೊದಲೇ ಪೆಂಡಾಲು ತುಂಬಿತ್ತು. ಮದುಮಗ ನನ್ನ ಸೋದರಮಾವನ ಮೊಮ್ಮಗ, ಹಾಗಾಗಿ ನಾನೂ ಅಲ್ಲಿದ್ದೆ. ಅಕೀಲ ನಡುಗು ಸ್ಟೂಲಿನ ಮೇಲೆ ಕುಳಿತು ವೈರು ಹಚ್ಚಿಕೊಂಡ. ಫೋಮಿನ ಬಿರಡೆಗಳು ಅವನ ಅಂಗಿಯ ಕಿಸೆಯಲ್ಲಿದ್ದವು. ಬಾಕ್ಸ್ ಟೆಂಪೋದಲ್ಲೇ ಇತ್ತು.

ಮದುಮಗನ ದೊಡ್ಡಪ್ಪ ಭೀಮರಾಯ ಕೈಯಲ್ಲಿ ಹಾರ ಹಿಡಿದು ಸ್ಟೇಜಿಗೆ ಬಂದ. ಅವನಿಗೆ ಪಾರ್ಟಿಯ ಪದ್ಧತಿ ಗೊತ್ತು. ಆಚೆ ಈಚೆ ನೋಡಿದ.

"ಉಸ್ತಾದ್ ಬಾಕ್ಸ್ ಎಲ್ಲಿ? ಹಾರ ಯಾವದಕ್ಕ ಹಾಕ್ಲಿ? ಸ್ಟೂಲಿಗೇನು?"

ಜನ ಗೊಳ್ಳೆಂದರು. ಸ್ಟೇಜಿನ ಮಗ್ಗುಲಿಗೆ ನಿಂತಿದ್ದ ರಾಜೇಸಾಬರಿಗೆ ಮಾತು ಕೇಳಲಿಲ್ಲ. ನಗುವ ಬಾಯಿಗಳು ಕಂಡವು, ಭೀಮರಾಯನ ಕೈಯ ಹಾರ ಕಂಡಿತು, ಮಗನ ಮಗ್ಗುಲಲ್ಲಿ ಖಾಲಿ ಕುರ್ಚಿ ಕಂಡಿತು. ಅಷ್ಟೇ ಸಾಕಾಯಿತು. ಟೆಂಪೋಗೆ ಹೋಗಿ ತಾವೇ ಬಾಕ್ಸ್ ಹೊತ್ತುಕೊಂಡು ಬಂದರು. ಕುರ್ಚಿಯ ಮೇಲೆ ಇಟ್ಟರು, ಹಾರ ಹಾಕಿಸಿದರು, ವೈರು ಜೋಡಿಸಿದರು.

"ಬ್ಯಾಡ ಅಬ್ಬಾ," ಎಂದು ಅಕೀಲ ಕೈ ಆಡಿಸಿದ.

"ಇರ್ಲಿ. ಸ್ಟೂಲೂ ಇರ್ಲಿ, ಬಾಕ್ಸೂ ಇರ್ಲಿ. ಮಾನ ಬ್ಯಾಡೇನು?"

ಬಾಕ್ಸಿನ ಸಪ್ಪಳ ಎಷ್ಟಿದೆ ಎಂದು ನೋಡಲು ರಾಜೇಸಾಬರಿಗೆ ಕಿವಿ ಇರಲಿಲ್ಲ. ಅಂಗೈ ಇತ್ತು. ಸ್ಟೂಲಿನ ನಡುಕ ಮೈಗೆ ಹೇಗೆ ಬಂತೋ ಹಾಗೇ ಬಾಕ್ಸಿನ ನಡುಕವೂ ಕೈಗೆ ಬರಬೇಕು ಎಂದುಕೊಂಡರು. ಬಾಕ್ಸಿನ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಿಂದ ಗುಂಡಿ ತಿರುಗಿಸುತ್ತ ಹೋದರು. ಅಂಗೈ ಜುಮುಜುಮು ಎನ್ನುವ ತನಕ ತಿರುಗಿಸಿದರು. ಕಿವಿಯಿಲ್ಲದವನ ಅಂಗೈಗೆ ಹಿತವಾದದ್ದು ಕಿವಿ ಇದ್ದವನಿಗೆ ಏನಾದೀತು?

ಹಾಡು ಶುರುವಾಯಿತು. ಹಳದಿ ಹಚ್ಚಿಕೊಂಡ ಹುಡುಗರು ಕುಣಿಯತೊಡಗಿದರು. ಅಕೀಲ ಬಿರಡೆಗಳನ್ನು ಹಾಕಿಕೊಂಡಿರಲಿಲ್ಲ. ತಂದೆ ತಲೆಯ ಮೇಲೆ ನಿಂತಿರುವಾಗ, ಬೆಲ್ಲ ತಿನ್ನಿಸಿದ ಕೈ ಬಾಕ್ಸಿನ ಮೇಲೆ ಇರುವಾಗ, ಕಿವಿಗೆ ಬಿರಡೆ ಹೇಗೆ ಇಟ್ಟುಕೊಳ್ಳಲಿ ಎಂದು ಆಮೇಲೆ ನನಗೆ ಹೇಳಿದ.

ಹಾಡಿನ ನಡುವೆ ಹಾಡುವವನು ಮೈಕು ಹಿಡಿದುಕೊಂಡೇ ಹಿಂದೆ ಸರಿದ, ತನ್ನ ದನಿಯೂ ಬರುತ್ತಿದ್ದ ಬಾಕ್ಸಿನ ಎದುರಿಗೆ ಬಂದ. ಮೈಕು ಬಾಕ್ಸಿಗೆ ಎದುರಾದರೆ ಕಿರುಚುತ್ತದೆ. ನೀವೂ ಕೇಳಿರುತ್ತೀರಿ. ಅವತ್ತು ಕಿರುಚಿದ್ದು ತುಂಬು ಸಪ್ಪಳಕ್ಕೆ ಇಟ್ಟ ಬಾಕ್ಸು, ಅಕೀಲನ ಕಿವಿಯಿಂದ ಗೇಣು ದೂರದಲ್ಲಿ. ಪೆಂಡಾಲಿನ ಜನರೆಲ್ಲ ಕಿವಿ ಮುಚ್ಚಿಕೊಂಡರು. ಹೆಂಗಸರು ಮಕ್ಕಳ ಕಿವಿ ಮುಚ್ಚಿದರು. ಅಕೀಲ ಮುಚ್ಚಿಕೊಳ್ಳಲಿಲ್ಲ. ಅವನ ಎರಡು ಕೈಯಲ್ಲೂ ಕೋಲು ಇದ್ದವು, ಹಾಡು ನಿಲ್ಲಬಾರದು. ರಾಜೇಸಾಬರು ಬಾಕ್ಸಿನ ಮೇಲೆ ಅಂಗೈ ಇಟ್ಟುಕೊಂಡು ಜನರ ಕಡೆ ನೋಡಿ ನಗುತ್ತ ನಿಂತಿದ್ದರು. ಜನ ಕೈ ಎತ್ತಿದ್ದು ಮೆಚ್ಚುಗೆಗೆ ಎಂದುಕೊಂಡಿದ್ದರು.

ಮಲ್ಲು ಓಡಿ ಬಂದು ವೈರು ಕಿತ್ತು ಹಾಕಿದ. ಹಾಡು ನಿಲ್ಲಲಿಲ್ಲ. ಸ್ಟೂಲು ತನ್ನ ಕೆಲಸ ಮಾಡುತ್ತಿತ್ತು, ದುಮ್ ಟೊಂಕಕ್ಕೆ ಬರುತ್ತಿತ್ತು. ಅಕೀಲ ಒಂದು ತಾಳವನ್ನೂ ತಪ್ಪಿಸಲಿಲ್ಲ. ಹಾಗಾಗಿ ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮಲ್ಲು ಅವನ ಭುಜ ತಟ್ಟಿ, "ಭಾರೀ ಬಾರ್ಸಿದಿ ಬಿಡು," ಎಂದ. ಅಕೀಲ ಅವನ ತುಟಿ ನೋಡಿದ.

"ಜೋರ್ ಮಾತಾಡು," ಎಂದ. "ಎಲ್ಲಾ ಯಾಕ ಇಷ್ಟ ಸಣ್ಣಗ ಮಾತಾಡಾಕತ್ತೀರಿ?"

ಮರುದಿನವೇ ಮಿರಜಿಗೆ ಕರೆದುಕೊಂಡು ಹೋದೆವು. ಗುಳಿಗೆ ಕೊಟ್ಟರು, ಸೂಜಿ ಹಾಕಿದರು, ಮತ್ತೆ ಬರಲು ಹೇಳಿದರು, ಮತ್ತೆ ಹೋದೆವು. ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯಲ್ಲಿ ಎದುರು ಕುಳಿತು ಗಟ್ಟಿಯಾಗಿ ಮಾತಾಡಿದರೆ ತಿಳಿಯುವಷ್ಟು ಉಳಿಯಿತು. ಕಿವಿಯ ಗುಂಯ್ ಮಾತ್ರ ನಿಲ್ಲಲಿಲ್ಲ, ಎರಡೂ ಕಡೆ.

"ಅಕ್ಕಾ, ಇದು ನಿಂದ್ರಂಗಿಲ್ಲೇನು?" ಎಂದು ಒಮ್ಮೆ ಕೇಳಿದ. "ಮಲಗಿದ್ರೂ ಅದ, ಎದ್ರೂ ಅದ. ಮಂದಿ ಮಾತು ಕೇಳಂಗಿಲ್ಲ, ಇದೊಂದಽ ಕೇಳ್ತದ. ಅಬ್ಬಾ ಇಷ್ಟು ವರ್ಷ ಇದರ ಜೋಡಿ ಹೆಂಗ ಇದ್ರು?"

ಈ ಸಲ ಉತ್ತರವನ್ನು ಯಾರೂ ತರಲಿಲ್ಲ.

ರಾಜೇಸಾಬರಿಗೆ ಬಹಳ ದಿನ ಏನೂ ಗೊತ್ತಿರಲಿಲ್ಲ. "ಏನಂತ? ಅಕೀಲಗ ಏನಾಗ್ಯದಂತ?" ಎಂದು ಕೇಳುತ್ತಲೇ ಇದ್ದರು. ಜೀವಮಾನವೆಲ್ಲ ಕೂಗಿ ಹೇಳಿದ ಅಮೀನಾಬಿ ಚಾಚಿಗೆ ಇದೊಂದು ಮಾತು ಕೂಗಲು ಬಾಯಿ ಬರಲಿಲ್ಲ. ಗಂಡನ ಕಿವಿಯ ಹತ್ತಿರ ಬಾಯಿ ಒಯ್ದು ಸುಮ್ಮನೆ ಅಳುತ್ತಿದ್ದರು.

ಕಡೆಗೆ ಹೇಳಿದವನು ಅಕೀಲನೇ. ತಂದೆಯ ಕೈ ಹಿಡಿದುಕೊಂಡು ಮೂಲೆಯಲ್ಲಿದ್ದ ಬಾಕ್ಸಿನ ಮೇಲೆ ಇಟ್ಟ. ಆಮೇಲೆ ಅದೇ ಅಂಗೈಯನ್ನು ತನ್ನ ಎಡಗಿವಿಯ ಮೇಲೆ ಇಟ್ಟು, ಇಲ್ಲ ಎಂದು ತಲೆ ಆಡಿಸಿದ.

ರಾಜೇಸಾಬರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಗನ ಕಿವಿಯ ಮೇಲೆ ಕೈ ಇಟ್ಟುಕೊಂಡೇ ನಿಂತರು. "ನಾ ಬೆಲ್ಲಾ ಹಾಕಿದ್ನಿ," ಎಂದರು. "ನನ್ನ ಕೈಯಾರೆ ಹಾಕಿದ್ನಿ."

ಚಾಚಿ ಆ ಬಾಕ್ಸಿನ ಒಳಗಿನದೆಲ್ಲ ಕಿತ್ತು ಹೊರಗೆ ಹಾಕಿದರು. ಹಿತ್ತಿಲಿಗೆ ಒಯ್ದು, ಮುಂದೆ ಜಾಳಿಗೆ ಕಟ್ಟಿ, ಕೋಳಿ ಕೂಡಿಹಾಕಿದರು. ಈಗಲೂ ಅದರಲ್ಲಿ ಕೋಳಿಗಳಿವೆ.

ಪಾರ್ಟಿ ನಿಲ್ಲಿಸುವ ಹಾಗಿರಲಿಲ್ಲ, ಅದು ಆ ಮನೆಯ ಅನ್ನ. ಡ್ರಮ್ಮಿನ ಹಿಂದೆ ತೌಫೀಕ ಕುಳಿತ. ಮುಚ್ಚಂಡಿಯಲ್ಲಿ ಅವನ ಮೊದಲ ಕಾರ್ಯಕ್ರಮ. ನೋಡಲೇಬೇಕೆಂದು ನಾನೂ ನಾಹಿದಳೂ ಹೋದೆವು. ತೌಫೀಕ ನಡುಗು ಸ್ಟೂಲಿನ ಮೇಲೆ ಕುಳಿತಿದ್ದ. ಮಗ್ಗುಲಿಗೆ ಕುರ್ಚಿಯೂ ಇರಲಿಲ್ಲ. ಅಕೀಲ ತಾನೇ ಫೋಮಿನ ಬಿರಡೆಗಳನ್ನು ಬೆರಳಲ್ಲಿ ಹೊಸೆದು, ತಮ್ಮನ ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗೆ ಇಟ್ಟ. ಅದು ಉಬ್ಬಿ ಕೂರುವ ತನಕ ಬೆರಳು ತೆಗೆಯಲಿಲ್ಲ. ಹಾರ ತಂದವರಿಗೆ ರಾಜೇಸಾಬರೇ ಕೈಮುಗಿದು, "ಹುಡುಗನ ಕೊರಳಿಗೇ ಹಾಕ್ರಿ," ಎಂದರು.

ಹಾಡುಗಳ ನಡುವೆ ಬಿಡುವು ಕೊಟ್ಟರು. ಬಿಡುವಿನಲ್ಲಿ ತೌಫೀಕ ಸ್ಪೀಕರುಗಳಿಂದ ದೂರ ಹೋಗಿ ಕುಳಿತು ಬಂದ. ತಾಳ ತಪ್ಪಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ರಾಜೇಸಾಬರು ಅವನ ಎದುರಿಗೆ ಬಂದು ನಿಂತರು. ಅವರ ಕೈಯಲ್ಲಿ ಕರವಸ್ತ್ರದ ಗಂಟು ಇತ್ತು. ಅದನ್ನು ಕಂಡು ನಾಹಿದ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಕಿವಿ ಗುಂಯ್ ಅಂತಾವೇನು?" ಎಂದು ಕೇಳಿದರು.

"ಇಲ್ಲ ಅಬ್ಬಾ."

ಮಾತು ಅವರಿಗೆ ಕೇಳಲಿಲ್ಲ. ಮಗನ ಗದ್ದ ಹಿಡಿದು ಮತ್ತೆ ಕೇಳಿದರು. "ಖರೇ ಹೇಳು. ಅಂತಾವೇನು?"

ತೌಫೀಕ ಇಲ್ಲ ಇಲ್ಲ ಎಂದು ಜೋರಾಗಿ ತಲೆ ಆಡಿಸಿದ. ರಾಜೇಸಾಬರು ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆದು ಅವನ ಬಾಯಿಗೆ ಹಾಕಿದರು.

"ಹಂಗಾರ ತಿನ್ನು," ಎಂದರು. "ಗುಂಯ್ ಅಂದ ದಿನ ಡ್ರಮ್ ಬಿಟ್ಟು ಏಳು."

ಅಕೀಲ ಅಲ್ಲೇ ನಿಂತಿದ್ದ. ಅವನ ಪಾಲಿನ ಬೆಲ್ಲ ಎಂದೋ ಆಗಿ ಹೋಗಿತ್ತು.

ಈಗ ಅವನು ಪಾರ್ಟಿಯ ಸಾಮಾನು ಕಟ್ಟುತ್ತಾನೆ, ವೈರು ಸುತ್ತುತ್ತಾನೆ. ಸಂಜೆ ಮಗಳು ಫಿರದೋಸಳನ್ನು ಎದೆಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂರುತ್ತಾನೆ. ಅವಳು ಈಗ ತೊದಲು ಹಾಡು ಹೇಳುತ್ತಾಳೆ. ಅದು ಅವನ ಎದೆಗೂಡಿಗೆ ಸಣ್ಣಗೆ ನಡುಗುತ್ತ ತಾಗುತ್ತದೆ, ಸ್ಟೂಲಿನ ಹಾಗೆ. "ಏನೋ ಹಾಡ್ತಾಳಕ್ಕಾ. ಏನ್ ಹಾಡ್ತಾಳ?" ಎಂದು ನನ್ನನ್ನು ಕೇಳುತ್ತಾನೆ. ನಾನು ಅವನ ಎದುರು ಕುಳಿತು ಆ ಹಾಡನ್ನು ಗಟ್ಟಿಯಾಗಿ ಹೇಳುತ್ತೇನೆ.

ಅಕ್ಕಂದಿರೇ, ತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಡ್ರಮ್ಮೋ ಹಲಗೆಯೋ ಢೋಲೋ ಬಾರಿಸುವವರು ಇದ್ದಾರಲ್ಲ. ಇವತ್ತು ಮನೆಗೆ ಹೋಗಿ ಅವರ ಬೆನ್ನ ಹಿಂದೆ ನಿಂತು ಮೆಲ್ಲಗೆ ಒಂದು ಮಾತಾಡಿ ನೋಡಿ. ತಿರುಗಲಿಲ್ಲವೆಂದರೆ ನಗಬೇಡಿ, ಸರಕಾರಿ ದವಾಖಾನೆಗೆ ಕರೆದುಕೊಂಡು ಬನ್ನಿ. ಕಾರ್ಯಕ್ರಮ ಮುಗಿದ ಮೇಲೆ ಕಿವಿ ಗುಂಯ್ ಅಂದರೆ ಅದು ಪಳಗಿದ್ದಲ್ಲ, ಸಾಯುತ್ತಿರುವುದು. ತೋಳಿನ ಅಳತೆಯಲ್ಲಿ ನಿಂತವನಿಗೆ ಕೂಗಿ ಹೇಳಬೇಕಾದರೆ ಆ ಸಪ್ಪಳ ಹೆಚ್ಚಾಯಿತು ಎಂದೇ ತಿಳಿಯಿರಿ. ಹತ್ತಿ ತುರುಕಬೇಡಿ, ಎಣ್ಣೆ ಬಿಡಬೇಡಿ, ಫೋಮಿನ ಬಿರಡೆ ಹಾಕಿಸಿ. ತಾಳವನ್ನು ಮೈಗೆ ಮುಟ್ಟಿಸುವ ಸ್ಟೂಲು ಸಿಕ್ಕರೆ ತನ್ನಿ, ಬಹಳ ಒಳ್ಳೆಯದು. ಆದರೆ ಸ್ಟೂಲು ಸ್ಟೇಜಿಗೆ ಏರಿದ ದಿನ ಬಾಕ್ಸು ಕೆಳಗೆ ಇಳಿಯಲೇಬೇಕು. ಎರಡೂ ಇರಲಿ ಎಂದವರ ಮನೆ ಯಾವುದು, ಅಲ್ಲಿ ಏನಾಯಿತು, ಈಗ ನಿಮಗೆ ಗೊತ್ತಿದೆ.

ಹೋದ ಕಿವಿ ತಂದುಕೊಡಲು ನನ್ನ ಚೀಲದಲ್ಲಿ ಏನೂ ಇಲ್ಲ. ನಿಮ್ಮ ಮಗನ ಕಿವಿ ಇನ್ನೂ ಇದ್ದರೆ, ಆ ಉಳಿದ ಕಿವಿಗಾಗಿ ಈ ಸಲದ ಬೆಲ್ಲ ಅವನ ಬಾಯಿಗೆ ಹಾಕಿ.